ಮನೆಯಂಗಳಕ್ಕೊಂದು ಬಿಲ್ವವೃಕ್ಷ

ಲಿಂಗಪೂಜೆಗೆ ಕುಳಿತ ಭಕ್ತನ ತಟ್ಟೆಯಲ್ಲಿ ವಿಭೂತಿಯ ಜೊತೆಗೆ ನಾಲ್ಕು ಬಿಲ್ವಪತ್ರೆಗಳಿರುವುದು ನಮ್ಮ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಹಿಂದೆ ಊರ ಮಠದ ಹಿತ್ತಲಿನಲ್ಲಿಯೋ ಹೊಲದ ಬದುವಿನ ಮೇಲೆಯೋ ಒಂದು ಪತ್ರೆಯ ಮರವಿರುತ್ತಿತ್ತು. ಬೆಳಗಿನ ಮಡಿಯಲ್ಲಿ ಬೇಕಾದಷ್ಟನ್ನೇ ಬಿಡಿಸಿ ತರುತ್ತಿದ್ದರು. ಪಟ್ಟಣ ಸೇರಿದ ಮೇಲೆ ಪತ್ರೆಯು ಸಂತೆಯ ಸರಕಾಯಿತು. ಶ್ರಾವಣ ಮಾಸದಲ್ಲಿ, ಮಹಾಶಿವರಾತ್ರಿಯಂದು ಕಟ್ಟುಕಟ್ಟಾಗಿ ಮಾರುವ ಆ ಪತ್ರೆಗಳು ಯಾವ ಮರದ ಕೊಂಬೆಗಳೆಂದು ಕೇಳುವವರು ವಿರಳ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬಿಲ್ವವು ಎಲೆಯುದುರಿಸುವ ಜಾತಿಯ ಮರ. ಮಾಘದ ಚಳಿ ಹಿಂದಾಗಿ ಬಿಸಿಲು ಏರತೊಡಗಿದಾಗ ಅದರ ಎಲೆಗಳು ಹಣ್ಣಾಗಿ ಉದುರಲಾರಂಭಿಸುತ್ತವೆ. ಚೈತ್ರ ವೈಶಾಖಗಳಲ್ಲಿ ಹೊಸ ಚಿಗುರು, ಅದರೊಡನೆ ಹಸಿರು ಬೆರೆತ ಬಿಳಿಯ ಪರಿಮಳದ ಹೂವು. ಅಂದರೆ ಶಿವರಾತ್ರಿಯಲ್ಲಿ ಪತ್ರೆಗೆ ಬೇಡಿಕೆ ಅತ್ಯಧಿಕವಾಗಿರುವ ಹೊತ್ತಿನಲ್ಲಿಯೇ ಮರದಲ್ಲಿ ಪತ್ರೆ ಕಡಿಮೆಯಿರುತ್ತದೆ. ಆಗ ಎಲೆಗಾಗಿ ಟೊಂಗೆಯನ್ನೇ ಮುರಿದರೆ ಬರಲಿರುವ ಚಿಗುರೂ ಹೂವೂ ಕಾಯಿಯೂ ಒಟ್ಟಿಗೇ ಹೋಗುತ್ತವೆ. ವರ್ಷ ವರ್ಷವೂ ಹೀಗೆ ಬೋಳಾದ ಮರ ಸೊರಗುತ್ತದೆ. ಪೂಜೆಯ ಹೆಸರಿನಲ್ಲಿ ಮರವೊಂದು ಸಾಯುವುದು ಯಾವ ಭಕ್ತಿಗೂ ಶೋಭೆಯಲ್ಲ. ಇದಕ್ಕೆ ಸರಳವಾದ ಪರಿಹಾರವೆಂದರೆ ಅಂಗಳವುಳ್ಳ ಪ್ರತಿಯೊಂದು ಮನೆಯವರೂ ಒಂದು ಬಿಲ್ವವನ್ನು ನೆಟ್ಟು ಸಲಹುವುದು.

ಗುರುತು ಮತ್ತು ಆಯ್ಕೆ

ಬಿಲ್ವವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ್ದು. ಸಸಿ ಕೊಳ್ಳುವಾಗ ಹಲವರು ಬಿಲ್ವಕ್ಕೂ ಬೇಲಕ್ಕೂ, ಅಂದರೆ ಬೆಳವಲಕ್ಕೂ, ವ್ಯತ್ಯಾಸವರಿಯದೆ ಮೋಸಹೋಗುವುದುಂಟು. ಬಿಲ್ವದ ಒಂದು ತೊಟ್ಟಿಗೆ ಸಾಮಾನ್ಯವಾಗಿ ಮೂರು ದಳಗಳು. ನಡುವಿನ ದಳದ ಕಾವು ಉದ್ದ. ಬೇಲದ ಒಂದು ಕಡ್ಡಿಗೆ ಐದರಿಂದ ಏಳು ಸಣ್ಣ ದಳಗಳು ಜೋಡಿಜೋಡಿಯಾಗಿರುತ್ತವೆ. ಬಿಲ್ವದ ಹಣ್ಣು ನಯವಾದ ಹಳದಿ ಚಿಪ್ಪಿನದು. ಬೇಲದ ಹಣ್ಣು ಬೂದುಬಣ್ಣದ ಒರಟು ಚಿಪ್ಪಿನದು.

ಬೀಜದಿಂದ ಬೆಳೆಸುವವರು ಹಣ್ಣಿನಿಂದ ತೆಗೆದ ಬೀಜವನ್ನು ತೊಳೆದು ಕೂಡಲೇ ಬಿತ್ತಬೇಕು. ಬಹುಕಾಲ ಇಟ್ಟರೆ ಅದರ ಮೊಳೆಯುವ ಶಕ್ತಿ ಕುಂದುತ್ತದೆ. ಹಳೆಯ ಮರದ ಬೇರಿನಿಂದೇಳುವ ಮರಿಸಸಿಗಳನ್ನು ಬೇರುಸಹಿತ ಬೇರ್ಪಡಿಸಿ ನೆಡುವುದೂ ಉಂಟು. ಪತ್ರೆಗಾಗಿ ಮಾತ್ರ ಬೆಳೆಸುವವರಿಗೆ ಇವು ಸಾಕು. ಬೀಜದ ಗಿಡ ಫಲಕ್ಕೆ ಬರಲು ಏಳೆಂಟು ವರ್ಷಗಳಾದರೂ ಬೇಕು. ಹಣ್ಣನ್ನೂ ಬಯಸುವವರು ಕಣ್ಣುಕಸಿ ಮಾಡಿದ ಸಸಿಯನ್ನು ತರುವುದು ಲೇಸು. ಅದು ನಾಲ್ಕೈದು ವರ್ಷಗಳಲ್ಲಿ ಕಾಯಿ ಬಿಡುತ್ತದೆ. ಉತ್ತರ ಭಾರತದ ಕೃಷಿ ವಿಶ್ವವಿದ್ಯಾಲಯಗಳು ಹೊರತಂದ ನರೇಂದ್ರ ಬೇಲ್ 5, ನರೇಂದ್ರ ಬೇಲ್ 9, ಪಂತ್ ಶಿವಾನಿ, ಪಂತ್ ಸುಜಾತಾ, ಪಂತ್ ಅಪರ್ಣಾ ಮೊದಲಾದ ತಳಿಗಳು ಪ್ರಸಿದ್ಧವಾಗಿವೆ. ಇವುಗಳಲ್ಲಿ ಪಂತ್ ಅಪರ್ಣಾ ಗಿಡ್ಡಾಗಿ ಬೆಳೆಯುವುದರಿಂದಲೂ ಬಹುಮಟ್ಟಿಗೆ ಮುಳ್ಳಿಲ್ಲದಿರುವುದರಿಂದಲೂ ಚಿಕ್ಕ ಅಂಗಳಕ್ಕೆ ಹೊಂದುತ್ತದೆ.

ಸ್ಥಳ ಮತ್ತು ನೆಡುವ ಬಗೆ

ಬಿಲ್ವವು ಕಲ್ಲುನೆಲ, ಸವುಳುನೆಲಗಳನ್ನೂ ತಾಳಿಕೊಳ್ಳುವ ಗಟ್ಟಿ ಮರ. ಬಯಲುಸೀಮೆಯ ಉರಿಬಿಸಿಲು ಅದಕ್ಕೆ ಹೊಸದಲ್ಲ. ಆದರೂ ನೀರು ಬಸಿದುಹೋಗುವ, ದಿನವಿಡೀ ಬಿಸಿಲು ಬೀಳುವ ಜಾಗದಲ್ಲಿ ಅದು ಚೆನ್ನಾಗಿ ಬರುತ್ತದೆ. ಪೂರ್ಣ ಬೆಳೆದ ಮರ 25ರಿಂದ 30 ಅಡಿ ಎತ್ತರಕ್ಕೇರಬಲ್ಲುದಾದುದರಿಂದ ಗೋಡೆಯಿಂದ ಕನಿಷ್ಠ 12 ಅಡಿ ದೂರವಿಡಬೇಕು. ವಿದ್ಯುತ್ ತಂತಿಯ ಕೆಳಗೆ ನೆಡಲೇಬಾರದು. ಕೊಂಬೆಗಳಲ್ಲಿ ಅಂಗುಲದಷ್ಟು ಉದ್ದದ ಚೂಪಾದ ಮುಳ್ಳುಗಳಿರುವುದರಿಂದ ಓಡಾಡುವ ದಾರಿಗೆ ತಾಗದಿರಲಿ. ಗಟ್ಟಿ ಚಿಪ್ಪಿನ ಭಾರವಾದ ಹಣ್ಣು ಬಿದ್ದರೆ ಅಪಾಯವಾದ್ದರಿಂದ ಮಕ್ಕಳು ಆಡುವ ಸ್ಥಳವನ್ನೂ ವಾಹನ ನಿಲ್ಲಿಸುವ ಸ್ಥಳವನ್ನೂ ಬಿಡುವುದು ವಿವೇಕ.

ಬೇಸಿಗೆಯಲ್ಲಿಯೇ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಬೇಕು. ಮೇಲ್ಮಣ್ಣಿಗೆ ಎರಡು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಬೇಕು. ಬೇವಿನ ಹಿಂಡಿ ಗೆದ್ದಲಿನ ಕಾಟವನ್ನೂ ತಗ್ಗಿಸುತ್ತದೆ. ಒಂದೆರಡು ಮಳೆ ಬಿದ್ದು ಮಣ್ಣು ಕುಳಿತ ಮೇಲೆ, ಜೂನ್ ಅಥವಾ ಜುಲೈ ತಿಂಗಳ ಸಂಜೆ ಸಸಿ ನೆಡುವುದು ಸೂಕ್ತ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿಯಾಗಿ ಹರಿದು ತೆಗೆಯಬೇಕು. ತಳದಲ್ಲಿ ಸುರುಳಿಗಟ್ಟಿದ ಬೇರಿದ್ದರೆ ಕತ್ತರಿಸಬೇಕು. ಕಸಿಯ ಗಂಟು ಮಣ್ಣಿನ ಮೇಲೆಯೇ ಇರಲಿ. ಗಂಟಿನ ಕೆಳಗೆ ಮೂಡುವ ಚಿಗುರನ್ನು ಆಗಾಗ್ಗೆ ಚಿವುಟಬೇಕು. ಆಸರೆಗೊಂದು ಕೋಲು, ದನಕರುಗಳು ಬಾಯಿಹಾಕದಂತೆ ಸುತ್ತ ಒಂದು ಬೇಲಿ ಅವಶ್ಯ.

ಪೋಷಣೆ

ಮೊದಲ ಎರಡು ಬೇಸಿಗೆಗಳೇ ನಿಜವಾದ ಪರೀಕ್ಷೆಯ ಕಾಲ. ವಾರಕ್ಕೆರಡು ಬಾರಿ ಒಂದೊಂದು ಕೊಡ ನೀರೆರೆದು, ಬುಡದ ಸುತ್ತ ಒಣಗಿದ ಎಲೆಗಳನ್ನು ಹೊದಿಸಿದರೆ ತೇವ ಉಳಿಯುತ್ತದೆ. ಸಾಬೂನಿನ ನೀರು ಬುಡಕ್ಕೆ ಬೇಡ. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿದಾಗ ಗಿಡ ಸತ್ತಿತೆಂದು ಕಿತ್ತೆಸೆಯುವವರಿದ್ದಾರೆ. ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿದರೆ ಒಳಗೆ ಹಸಿರಿರುತ್ತದೆ. ತಾಳ್ಮೆಯಿಂದ ಕಾದರೆ ಚಿಗುರು ತಾನೇ ಬರುತ್ತದೆ. ಪ್ರತಿವರ್ಷ ಮಳೆಗಾಲದ ಮೊದಲಲ್ಲಿ ಹತ್ತು ಕಿಲೋ ಕೊಟ್ಟಿಗೆ ಗೊಬ್ಬರದಿಂದ ಆರಂಭಿಸಿ ಮರ ಬೆಳೆದಂತೆ ಹೆಚ್ಚಿಸುತ್ತ ಹೋಗಬೇಕು. ಪೂಜೆ ಮುಗಿದ ಪತ್ರೆಗಳನ್ನು ಬಾವಿಗೋ ಕೆರೆಗೋ ಹಾಕಿ ನೀರು ಕೆಡಿಸುವ ಬದಲು ಮರದ ಬುಡಕ್ಕೇ ಹಾಕಿದರೆ ಅವೂ ಗೊಬ್ಬರವಾಗುತ್ತವೆ.

ನಿಂಬೆಗಿಡದ ಚಿಟ್ಟೆಯ ಹುಳು ಬಿಲ್ವದ ಎಳೆಯ ಎಲೆಗಳನ್ನೂ ತಿನ್ನುತ್ತದೆ. ಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು ಅನಂತರ ಹಸಿರಾಗುವ ಈ ಹುಳುವನ್ನು ಕೈಯಿಂದಲೇ ಆರಿಸಿ ತೆಗೆಯಬಹುದು. ಲಿಂಗಕ್ಕೇರಿಸುವ ಪತ್ರೆಗೆ ವಿಷದ ಔಷಧಿ ಸಿಂಪಡಿಸುವುದು ಸಲ್ಲದು. ಅಗತ್ಯ ಬಿದ್ದರೆ ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ರಾತ್ರಿ ನೆನೆಸಿ, ಸೋಸಿ ಸಿಂಪಡಿಸಬಹುದು.

ಪತ್ರೆ ಬಿಡಿಸುವ ನೀತಿ

ಮೊದಲ ಮೂರು ವರ್ಷ ಗಿಡದಿಂದ ಏನನ್ನೂ ತೆಗೆಯದಿರುವುದು ಒಳ್ಳೆಯದು. ಅನಂತರವೂ ತುದಿಯ ಚಿಗುರನ್ನು ಬಿಟ್ಟು ಬಲಿತ ಎಲೆಯನ್ನು ತೊಟ್ಟಿನ ಬಳಿ ಉಗುರಿನಿಂದ ಬಿಡಿಸಬೇಕು, ಟೊಂಗೆ ಮುರಿಯಬಾರದು. ಕೆಲವು ಮನೆತನಗಳಲ್ಲಿ ಸೋಮವಾರ ಪತ್ರೆ ಬಿಡಿಸದೆ ಹಿಂದಿನ ದಿನವೇ ತಂದಿಡುವ ವಾಡಿಕೆಯಿದೆ. ಶುಭಾಶುಭ ದಿನಗಳ ಎಣಿಕೆಯನ್ನು ಶರಣರು ಒಪ್ಪಲಿಲ್ಲ. ಆದರೆ ಮರಕ್ಕೆ ವಿಶ್ರಾಂತಿ ಕೊಡುವ ದೃಷ್ಟಿಯಿಂದ ಈ ವಾಡಿಕೆಯ ಹಿಂದಿನ ಸಂಯಮವನ್ನು ನಾವು ಉಳಿಸಿಕೊಳ್ಳಬಹುದು. ಮುಂಚಿತವಾಗಿ ತೆಗೆದ ಪತ್ರೆಯನ್ನು ಒದ್ದೆಬಟ್ಟೆಯಲ್ಲಿ ಸುತ್ತಿಟ್ಟರೆ ಎರಡು ಮೂರು ದಿನ ಬಾಡುವುದಿಲ್ಲ. ಶಿವರಾತ್ರಿಯಂದು ಒಬ್ಬೊಬ್ಬರು ಒಂದೇ ಪತ್ರೆಯನ್ನು ಏರಿಸಿದರೂ ಭಕ್ತಿಗೆ ಕೊರತೆಯಾಗದು. ಪತ್ರೆಯ ರಾಶಿಗಿಂತ ಅಂತರಂಗದ ಶುದ್ಧಿ ದೊಡ್ಡದೆಂಬುದೇ ಶರಣರ ನಿಲುವು.

ಫಲವೂ ಉಂಟು

ಹೂಬಿಟ್ಟ ಮೇಲೆ ಕಾಯಿ ಹಣ್ಣಾಗಲು ಹತ್ತು ಹನ್ನೊಂದು ತಿಂಗಳು ಹಿಡಿಯುತ್ತದೆ. ಮರುವರ್ಷದ ಬೇಸಿಗೆಗೆ ಸಿದ್ಧವಾಗುವ ಹಣ್ಣಿನ ತಿರುಳನ್ನು ನೀರಿನಲ್ಲಿ ಕಿವುಚಿ, ಬೀಜ ನಾರುಗಳನ್ನು ಸೋಸಿ, ಬೆಲ್ಲ ಏಲಕ್ಕಿ ಬೆರೆಸಿದರೆ ತಂಪಾದ ಪಾನಕವಾಗುತ್ತದೆ. ಆಯುರ್ವೇದವು ಎಳೆಯ ಕಾಯಿಯನ್ನು ಅತಿಸಾರಕ್ಕೆ ಹೇಳುತ್ತದೆ. ದಶಮೂಲಗಳಲ್ಲಿ ಬಿಲ್ವದ ಬೇರೂ ಒಂದು. ಔಷಧಿಯಾಗಿ ಸೇವಿಸುವವರು ಬಲ್ಲ ವೈದ್ಯರನ್ನು ಕೇಳಿಯೇ ಸೇವಿಸಬೇಕು.

ಮರವೂ ದಾಸೋಹವೇ

ತೋಟದಲ್ಲಿ ತಪಗೈದ ಕಾರಣದಿಂದಲೇ ತೋಂಟದ ಎಂಬ ಹೆಸರು ಪಡೆದ ಸಿದ್ಧಲಿಂಗ ಯತಿಗಳ ಪರಂಪರೆ ನಮ್ಮದು. ಗಿಡಮರಗಳ ನೆರಳು ನಮ್ಮ ಸಾಧನೆಗೆ ಹೊರತಾದುದಲ್ಲ. ನೀರೆರೆದು ಗೊಬ್ಬರವಿಕ್ಕುವುದು ಕಾಯಕ. ಬೆಳೆದ ಪತ್ರೆಯನ್ನು ನೆರೆಮನೆಯವರೊಡನೆ ಹಂಚಿಕೊಳ್ಳುವುದು ದಾಸೋಹ. ಅಂಗಳವಿಲ್ಲದವರು ಮಠದ ಆವರಣದಲ್ಲಿಯೋ ಓಣಿಯ ಶಾಲೆಯಲ್ಲಿಯೋ ಅನುಮತಿ ಪಡೆದು ನೆಡಬಹುದು. ನೀರೆರೆಯುವ ಹೊಣೆಯನ್ನು ಮನೆಯ ಮಕ್ಕಳಿಗೆ ವಹಿಸಬಹುದು. ಈ ಮುಂಗಾರಿಗೆ ನೆಟ್ಟ ಸಸಿ ಆ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಇಡೀ ಓಣಿಗೆ ಪತ್ರೆಯನ್ನೂ ನೆರಳನ್ನೂ ಕೊಡುವ ಮರವಾಗಿರುತ್ತದೆ.