ಮಕ್ಕಳ ವಿಡಿಯೋ ಗೇಮ್ ಆಯ್ಕೆ: ಮೊದಲು ಪರಿಶೀಲಿಸಬೇಕಾದುದು ಆದಾಯದ ಮೂಲ

ಸಂಜೆಯ ವ್ಯಾಪಾರದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಬಳಿ ಕುಳಿತ ಆರು ವರ್ಷದ ಮಗುವಿಗೆ ಮೊಬೈಲ್ ಕೊಟ್ಟು ಸುಮ್ಮನಿರಿಸುವುದು ಇಂದು ಅನೇಕ ಅಂಗಡಿಗಳಲ್ಲಿ ಕಾಣುವ ದೃಶ್ಯ. ಅದೇ ಫೋನಿಗೆ ಗಿರಾಕಿಗಳ ಹಣ ಜಮೆಯಾಗುವ ಯುಪಿಐ ಹಾಗೂ ಸರಬರಾಜುದಾರರಿಗೆ ಪಾವತಿ ಮಾಡುವ ಚಾಲ್ತಿ ಖಾತೆ ಜೋಡಣೆಯಾಗಿರುತ್ತವೆ. ಹೊಸ ಗಿರಾಕಿಗೆ ಉದ್ರಿ ಕೊಡುವ ಮುನ್ನ ಹತ್ತು ಬಾರಿ ವಿಚಾರಿಸುವ ವರ್ತಕರು, ಮಗುವಿನ ಆಟವನ್ನು ಮಾತ್ರ ‘ಉಚಿತ’ ಎಂಬ ಒಂದೇ ಪದವನ್ನು ನಂಬಿ ಇಳಿಸಿಕೊಳ್ಳುತ್ತಾರೆ.

ಪುಕ್ಕಟೆಯಾಗಿ ಸರಕು ಹಂಚುವವನು ಲಾಭವನ್ನು ಬೇರೆಲ್ಲೋ ಪಡೆಯುತ್ತಾನೆಂಬುದು ವ್ಯಾಪಾರಸ್ಥರಿಗೆ ತಿಳಿಯದ ವಿಷಯವಲ್ಲ. ಆದ್ದರಿಂದ ಆಟವನ್ನು ಆರಿಸುವಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದನ್ನು ತಯಾರಿಸಿದವರಿಗೆ ಹಣ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಉತ್ತರ ದೊರೆತರೆ ಆಟವು ಮಗುವಿಗೆ ತಕ್ಕುದೇ ಎಂಬ ತೀರ್ಮಾನದ ಅರ್ಧ ಕೆಲಸ ಮುಗಿದಂತೆ.

ಆದಾಯದ ನಾಲ್ಕು ಮಾರ್ಗಗಳು

1. ಒಂದೇ ಬಾರಿಯ ಬೆಲೆ: ಮಾರಾಟದೊಂದಿಗೆ ವ್ಯವಹಾರ ಮುಗಿಯುತ್ತದೆ. ಮಗು ಹತ್ತು ನಿಮಿಷ ಆಡಿದರೂ ಒಂದು ಗಂಟೆ ಆಡಿದರೂ ತಯಾರಕರಿಗೆ ವ್ಯತ್ಯಾಸವಿಲ್ಲ.

2. ಚಂದಾ: ಪ್ರತಿ ತಿಂಗಳು ಅಥವಾ ಪ್ರತಿ ವರ್ಷ ಹಣ ಕಡಿತವಾಗುತ್ತದೆ. ಒಮ್ಮೆ ಅನುಮತಿ ನೀಡಿದ ಮೇಲೆ, ನಿಗದಿತ ಮಿತಿಯೊಳಗಿನ ಕಂತುಗಳು ಪ್ರತಿ ಬಾರಿ ಪಿನ್ ಕೇಳದೆಯೇ ಖಾತೆಯಿಂದ ಹೋಗುತ್ತವೆ. ಮಗು ಆಟವನ್ನು ಮರೆತರೂ ಕಡಿತ ನಿಲ್ಲುವುದಿಲ್ಲ.

3. ಜಾಹೀರಾತು: ಮಗು ಪರದೆಯನ್ನು ಹೆಚ್ಚು ಹೊತ್ತು ನೋಡಿದಷ್ಟೂ ತಯಾರಕರಿಗೆ ಆದಾಯ ಹೆಚ್ಚು. ಆಟ ಎಲ್ಲಿ ಮುಗಿಯಿತು, ಜಾಹೀರಾತು ಎಲ್ಲಿ ಆರಂಭವಾಯಿತು ಎಂಬುದನ್ನು ಐದು ವರ್ಷದ ಮಗು ಗುರುತಿಸುವುದು ಕಷ್ಟ.

4. ಆಟದೊಳಗಿನ ಮಾರಾಟ: ಆರಂಭದ ಹಂತಗಳು ಸುಲಭವಾಗಿ ಸಾಗುತ್ತವೆ. ಅನಂತರ ನಾಳೆಯವರೆಗೆ ಕಾಯಬೇಕು, ಇಲ್ಲವೇ ‘ನಾಣ್ಯ’ಗಳನ್ನು ಕೊಳ್ಳಬೇಕು. ಇಲ್ಲಿ ಆದಾಯ ಹುಟ್ಟುವುದು ಮಗುವಿನ ತಾಳ್ಮೆ ಮುಗಿಯುವ ಕ್ಷಣದಲ್ಲಿ. ಆಟದ ರಚನೆಯೂ ಆ ಕ್ಷಣವನ್ನು ಬೇಗ ತರುವಂತೆಯೇ ಇರುತ್ತದೆ.

ಚಿಕ್ಕ ಮಕ್ಕಳಿಗೆ ಮೊದಲನೆಯ ಮಾರ್ಗವೇ ಲೇಸು. ಎರಡನೆಯದನ್ನು ಲೆಕ್ಕವಿಟ್ಟು ಒಪ್ಪಬಹುದು. ಮೂರನೆಯ ಮತ್ತು ನಾಲ್ಕನೆಯ ಮಾರ್ಗದ ಆಟಗಳನ್ನು ದೂರವಿಡುವುದೇ ಕ್ಷೇಮ.

ವಿದೇಶಗಳ ಅನುಭವ

ಇದು ಕೇವಲ ಅನುಮಾನದ ಮಾತಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಆಪಲ್ ಮತ್ತು ಗೂಗಲ್ ಸಂಸ್ಥೆಗಳ ವಿರುದ್ಧ ಕ್ರಮ ಕೈಗೊಂಡಿತು. ಪೋಷಕರ ಸ್ಪಷ್ಟ ಒಪ್ಪಿಗೆಯಿಲ್ಲದೆ ಮಕ್ಕಳು ಮಾಡಿದ ಖರೀದಿಗಳಿಗಾಗಿ ಆಪಲ್ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಮರಳಿಸಲು ಒಪ್ಪಿದವು. ಆಪಲ್ ಪ್ರಕರಣದಲ್ಲಿ, ಪೋಷಕರು ಒಮ್ಮೆ ಪಾಸ್‌ವರ್ಡ್ ಒತ್ತಿದ ನಂತರದ 15 ನಿಮಿಷಗಳಲ್ಲಿ ಮಗು ಮತ್ತೆ ಅನುಮತಿಯಿಲ್ಲದೆ ಎಷ್ಟು ಬೇಕಾದರೂ ಕೊಳ್ಳಬಹುದಾಗಿತ್ತು.

2022ರ ಡಿಸೆಂಬರ್‌ನಲ್ಲಿ ‘ಫೋರ್ಟ್‌ನೈಟ್’ ಆಟದ ತಯಾರಕರಾದ ಎಪಿಕ್ ಗೇಮ್ಸ್ ಒಟ್ಟು 52 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 27.5 ಕೋಟಿ ಮಕ್ಕಳ ಖಾಸಗಿ ಮಾಹಿತಿಯ ಕಾನೂನನ್ನು ಉಲ್ಲಂಘಿಸಿದ್ದಕ್ಕೆ ದಂಡ, ಉಳಿದ 24.5 ಕೋಟಿ, ಗೊಂದಲ ಹುಟ್ಟಿಸುವ ಗುಂಡಿಗಳ ಮೂಲಕ ವಸೂಲಾದ ಹಣದ ಮರುಪಾವತಿಗೆ. ಒಳಗೇನಿದೆ ಎಂದು ತಿಳಿಯದೆ ಹಣ ಕೊಟ್ಟು ತೆರೆಯುವ ‘ಲೂಟ್ ಬಾಕ್ಸ್’ಗಳನ್ನು ಬೆಲ್ಜಿಯಂ 2018ರಲ್ಲಿಯೇ ಜೂಜಿನ ಸಾಲಿಗೆ ಸೇರಿಸಿತು.

ವಯಸ್ಸಿನ ಗುರುತು ಏನು ಹೇಳುತ್ತದೆ?

ಗೂಗಲ್ ಪ್ಲೇಯಲ್ಲಿ ಕಾಣುವ 3+, 7+, 12+ ಮುಂತಾದ ಗುರುತುಗಳು ತಯಾರಕರು ತುಂಬಿಕೊಡುವ ಪ್ರಶ್ನಾವಳಿಯ ಆಧಾರದ ಮೇಲೆ ದೊರೆಯುತ್ತವೆ. ಹಿಂಸೆ, ಭಯ, ಅಸಭ್ಯತೆಗಳು ಎಷ್ಟಿವೆ ಎಂಬುದನ್ನು ಅವು ಸೂಚಿಸುತ್ತವೆ. 3+ ಎಂದರೆ ಮೂರು ವರ್ಷದ ಮಗುವಿಗೆ ಹಾನಿಕರವಾದ ದೃಶ್ಯಗಳಿಲ್ಲ ಎಂದಷ್ಟೇ ಅರ್ಥ. ಆ ವಯಸ್ಸಿಗೆ ಅದು ಉಪಯುಕ್ತ ಎಂದಲ್ಲ. ‘ಆ್ಯಪ್‌ನಲ್ಲಿ ಖರೀದಿಗಳಿವೆ’, ‘ಜಾಹೀರಾತುಗಳಿವೆ’ ಎಂಬ ಸೂಚನೆಗಳನ್ನೂ ಓದುವುದು ಅಗತ್ಯ.

ಕಲಿಕೆಯ ಗುಣವನ್ನು ಅಳೆಯುವ ಬಗೆ

‘ಶೈಕ್ಷಣಿಕ’ ಎಂಬ ಹಣೆಪಟ್ಟಿಯನ್ನು ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು. ಅಳಗುಳಿಮಣೆಯಲ್ಲಿ ಹುಣಸೆ ಬೀಜ ಎಣಿಸುವುದೇ ಆಟ; ಎಣಿಸದೆ ಆಡಲಾಗದು. ಒಳ್ಳೆಯ ವಿಡಿಯೋ ಗೇಮ್ ಕೂಡ ಹಾಗೆಯೇ ಇರಬೇಕು. ಒಂದು ಕೂಡುವ ಲೆಕ್ಕ ಕೊಟ್ಟು, ಅದು ಮುಗಿದೊಡನೆ ಕಾರು ಓಡಿಸಲು ಬಿಡುವ ಆಟದಲ್ಲಿ ಮಗು ಲೆಕ್ಕವನ್ನು ಸುಂಕದಂತೆ ಕಟ್ಟಿ ಮುಂದೆ ಸಾಗುತ್ತದೆ, ಕಲಿಯುವುದು ಕಡಿಮೆ.

ಹಿರಿಯರು ಮೊದಲು ಅರ್ಧ ಗಂಟೆ ತಾವೇ ಆಡಿ ನೋಡುವುದು ಸೂಕ್ತ. ತಪ್ಪಾದಾಗ ಆಟವು ಕಾರಣವನ್ನು ತೋರಿಸುತ್ತದೆಯೇ? ನಿಲ್ಲಿಸಲು ಸಹಜವಾದ ಕೊನೆಯಿದೆಯೇ? ಇಂಟರ್ನೆಟ್ ಇಲ್ಲದೆ ನಡೆಯುತ್ತದೆಯೇ? ಅಪರಿಚಿತರೊಡನೆ ಮಾತನಾಡುವ ಸೌಲಭ್ಯ ಇದೆಯೇ? ಇದ್ದರೆ, ಚಿಕ್ಕ ಮಕ್ಕಳಿಗೆ ಅದು ಬೇಡ.

ನಿಜವಾಗಿಯೂ ಉಚಿತವಾದವು ಇಲ್ಲವೆಂದಲ್ಲ. 2000ದಲ್ಲಿ ಫ್ರಾನ್ಸ್‌ನಲ್ಲಿ ಆರಂಭವಾದ ‘ಜಿಕಾಂಪ್ರಿ’ 2ರಿಂದ 10 ವರ್ಷದವರಿಗಾಗಿ ನೂರಕ್ಕೂ ಹೆಚ್ಚು ಚಟುವಟಿಕೆಗಳನ್ನು ಒಳಗೊಂಡ ಮುಕ್ತ ತಂತ್ರಾಂಶ. 2002ರಲ್ಲಿ ಬಂದ ‘ಟಕ್ಸ್ ಪೇಂಟ್’ ಚಿತ್ರ ಬರೆಯಲು ಕಲಿಸುತ್ತದೆ. ಇವೆರಡನ್ನೂ ಬಿಲ್ಲಿಂಗ್ ಕೆಲಸದಿಂದ ನಿವೃತ್ತಿಯಾದ ಅಂಗಡಿಯ ಹಳೆಯ ಕಂಪ್ಯೂಟರಿಗೆ ಹಾಕಿಕೊಡಬಹುದು. ಅದರಲ್ಲಿ ಬ್ಯಾಂಕ್ ಖಾತೆ ಇರುವುದಿಲ್ಲ. 5ರಿಂದ 7 ವರ್ಷದವರಿಗಾಗಿ 2014ರಲ್ಲಿ ಸಿದ್ಧವಾದ ‘ಸ್ಕ್ರ್ಯಾಚ್ ಜೂನಿಯರ್’ನಲ್ಲಿ ಮಗು ತಾನೇ ಕಥೆಗಳನ್ನೂ ಆಟಗಳನ್ನೂ ರಚಿಸುತ್ತದೆ. ‘ಖಾನ್ ಅಕಾಡೆಮಿ ಕಿಡ್ಸ್’ನಲ್ಲಿ ಜಾಹೀರಾತೂ ಇಲ್ಲ, ಚಂದಾವೂ ಇಲ್ಲ. ಇವುಗಳ ಹಿಂದೆ ಇರುವುದು ಸ್ವಯಂಸೇವಕರ ದುಡಿಮೆ, ವಿಶ್ವವಿದ್ಯಾಲಯಗಳ ಸಂಶೋಧನೆ ಅಥವಾ ದಾನಿಗಳ ನೆರವು.

ಆಟ ಎಷ್ಟೇ ಒಳ್ಳೆಯದಾದರೂ ಮಿತಿ ಅಗತ್ಯ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ 2ರಿಂದ 4 ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಅವಧಿ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಕಾನೂನಿನ ಸ್ಥಿತಿ

ಭಾರತೀಯ ಕರಾರು ಅಧಿನಿಯಮ, 1872ರ 11ನೇ ಕಲಂ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅವರ ಕರಾರು ಮೂಲದಲ್ಲಿಯೇ ಅಸಿಂಧು ಎಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೋಹರಿ ಬೀಬಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದರೆ ಇದನ್ನೇ ನಂಬಿ ನಿಶ್ಚಿಂತರಾಗುವಂತಿಲ್ಲ. ಫೋನ್, ಖಾತೆ, ಪಿನ್ ಎಲ್ಲವೂ ತಂದೆಯ ಹೆಸರಿನಲ್ಲಿರುವಾಗ ಗುಂಡಿ ಒತ್ತಿದ್ದು ಮಗು ಎಂದು ತೋರಿಸಿಕೊಡುವ ಹೊರೆ ತಂದೆಯ ಮೇಲೆಯೇ ಬೀಳುತ್ತದೆ.

ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಪಣವಿಟ್ಟು ಹಣ ಗೆಲ್ಲುವ ಆಟಗಳನ್ನು ನಿಷೇಧಿಸುತ್ತದೆ. ಗೆಲುವಿನ ಹಣದ ಆಸೆ ತೋರಿಸದೆ ನಾಣ್ಯ, ಉಡುಪುಗಳನ್ನು ಮಾರುವ ಮಕ್ಕಳ ಆಟಗಳನ್ನು ಅದು ಗುರಿಯಾಗಿಸಿಲ್ಲ. ಆದ್ದರಿಂದ ಆಯ್ಕೆಯ ಹೊಣೆ ಪೋಷಕರದೇ.

ಲೆಕ್ಕಪತ್ರದ ದೃಷ್ಟಿ

ಚಾಲ್ತಿ ಖಾತೆಯಿಂದ ಹೋದ ಇಂತಹ ಹಣ ವರ್ಷಾಂತ್ಯದಲ್ಲಿ ಓಚರ್ ಇಲ್ಲದ ಸಣ್ಣ ಸಣ್ಣ ಖರ್ಚುಗಳ ಸಾಲಾಗಿ ಕಾಣಿಸಿಕೊಳ್ಳುತ್ತದೆ. ಮನೆಯ ಖರ್ಚನ್ನು ವ್ಯಾಪಾರದ ವೆಚ್ಚವೆಂದು ತೋರಿಸುವಂತಿಲ್ಲ. ಅದು ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಹೋಗಬೇಕು. ಅದರ ಮೇಲಿನ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಪಡೆಯಲು ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಂ ಅವಕಾಶ ನೀಡುವುದಿಲ್ಲ.

ಕೆಳಗಿನ ಕ್ರಮಗಳನ್ನು ಇಂದೇ ಕೈಗೊಳ್ಳಬಹುದು:

• ವ್ಯಾಪಾರದ ಖಾತೆಯಿರುವ ಫೋನನ್ನು ಮಗುವಿಗೆ ಕೊಡಬಾರದು.
• ಗೂಗಲ್ ಪ್ಲೇಯಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ವ್ಯವಸ್ಥೆ ಮಾಡಬೇಕು. ಉಳಿಸಿದ ಕಾರ್ಡ್ ವಿವರ ಅಳಿಸಬೇಕು.
• ಮಗುವಿನ ಎದುರು ಪಿನ್ ಒತ್ತಬಾರದು. ಓದಲು ಬಾರದ ಮಗುವೂ ನಾಲ್ಕು ಅಂಕಿಗಳನ್ನು ನೋಡಿ ನೆನಪಿಟ್ಟುಕೊಳ್ಳುತ್ತದೆ.
• ಯುಪಿಐ ಆಟೋಪೇ ಪಟ್ಟಿಯನ್ನು ತಿಂಗಳಿಗೊಮ್ಮೆ ಪರಿಶೀಲಿಸಿ ಬೇಡದ ಚಂದಾಗಳನ್ನು ರದ್ದುಪಡಿಸಬೇಕು.
• ಅರಿವಿಲ್ಲದೆ ಖರೀದಿಯಾಗಿದ್ದರೆ ವಿಳಂಬ ಮಾಡದೆ 48 ಗಂಟೆಗಳೊಳಗೆ ಗೂಗಲ್ ಪ್ಲೇಗೆ ಮರುಪಾವತಿ ಕೋರಿಕೆ ಸಲ್ಲಿಸಬೇಕು.

ಕಳೆದುಹೋದ ನೂರಾರು ರೂಪಾಯಿಗಳನ್ನು ಒಂದು ಸಂಜೆಯ ವ್ಯಾಪಾರದಲ್ಲಿ ಸಂಪಾದಿಸಬಹುದು. ಆದರೆ ಕಾಯುವುದಕ್ಕಿಂತ ಕೊಳ್ಳುವುದೇ ಸುಲಭವೆಂದು ಆರನೆಯ ವಯಸ್ಸಿನಲ್ಲಿ ಕಲಿತ ಮಗು ಮುಂದೆ ಅದೇ ಗಲ್ಲಾದ ಮುಂದೆ ಕುಳಿತುಕೊಳ್ಳಬೇಕಾಗಿದೆ. ಸರಕನ್ನು ತೂಗಿ ನೋಡುವ ಕೈಗಳು ಮಗುವಿನ ಆಟವನ್ನೂ ಒಮ್ಮೆ ತೂಗಿ ನೋಡುವುದು ಒಳಿತು.