ನಾಲ್ಕು ಕಂಠ, ಒಂದೇ ನಾದ

ಕನಕಪುರದ ಕಡೆಯ ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಮೂವರು ವಿದ್ಯಾರ್ಥಿನಿಯರು ಪ್ರಾರ್ಥನೆ ಹಾಡುತ್ತಿದ್ದರು. ಅವರಲ್ಲೊಬ್ಬಳಿಗೆ ಚರ್ಚಿನ ವೃಂದಗಾನದ ಅಭ್ಯಾಸವಿತ್ತು. ಅವಳು ಉಳಿದಿಬ್ಬರಿಗೂ ಕಲಿಸಿದ್ದರಿಂದ ಪ್ರತಿ ಚರಣದ ಕೊನೆಯಲ್ಲಿ ಒಬ್ಬಳು ಷಡ್ಜದಲ್ಲಿ, ಒಬ್ಬಳು ಗಾಂಧಾರದಲ್ಲಿ, ಇನ್ನೊಬ್ಬಳು ಪಂಚಮದಲ್ಲಿ ನಿಲ್ಲುತ್ತಿದ್ದರು. ಜೊತೆಗೆ ಎಲೆಕ್ಟ್ರಾನಿಕ್ ಕೀಬೋರ್ಡ್ ಇತ್ತು. ನಡುವೆ ಕರೆಂಟು ಹೋಯಿತು. ಹುಡುಗಿಯರು ಹಾಡು ನಿಲ್ಲಿಸಲಿಲ್ಲ. ಮುಂದಿನ ಚರಣದ ಕೊನೆಗೆ ಬರುವಷ್ಟರಲ್ಲಿ ಮೂರು ದನಿಗಳು ಒಂದಕ್ಕೊಂದು ಅಂಟಿಕೊಂಡಂತೆ ಕೇಳಿಸಿದವು. ಹಿಂದಿನ ಬೆಂಚುಗಳ ಗದ್ದಲ ತಾನಾಗಿ ಅಡಗಿತು. ಶ್ರುತಿಗೆ ಕೀಬೋರ್ಡೇ ಪ್ರಮಾಣವೆಂದು ಇಪ್ಪತ್ತು ವರ್ಷ ಪಾಠ ಹೇಳಿದ್ದ ನನಗೆ ಮುಜುಗರವಾಯಿತು.

ಈ 'ಅಂಟಿಕೊಳ್ಳುವಿಕೆ'ಯನ್ನೇ ಕಸುಬು ಮಾಡಿಕೊಂಡವರು ಅಮೆರಿಕದ ಜಾಝ್ ಗಾಯನ ತಂಡಗಳವರು. ಮೂರು ನಾಲ್ಕು ಜನ, ಒಬ್ಬೊಬ್ಬರಿಗೆ ಒಂದೊಂದು ಸ್ವರ, ಆ ಸ್ವರಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ಥಾಯಿಯೊಳಗೆ ಒತ್ತೊತ್ತಾಗಿ. ಇದನ್ನು ನಿಕಟ ಸ್ವರಮೇಳ ಎನ್ನೋಣ. ಒಹಾಯೊ ರಾಜ್ಯದ ಪಿಕ್ವಾ ಊರಿನ ನಾಲ್ವರು ಸಹೋದರರ ಮಿಲ್ಸ್ ಬ್ರದರ್ಸ್ ತಂಡ 1931ರಲ್ಲಿ 'ಟೈಗರ್ ರ್‍ಯಾಗ್' ಧ್ವನಿಮುದ್ರಿಸಿತು. ಅವರು ತುತ್ತೂರಿಯನ್ನೂ ಟ್ಯೂಬಾವನ್ನೂ ಬಾಯಿಯಿಂದಲೇ ನುಡಿಸುತ್ತಿದ್ದರು. ಒಂದು ಗಿಟಾರಿನ ಹೊರತು ಬೇರೆ ವಾದ್ಯವಿಲ್ಲ ಎಂದು ಅವರ ತಟ್ಟೆಗಳ ಮೇಲೆ ಅಚ್ಚು ಹಾಕಬೇಕಾಯಿತು! ನ್ಯೂ ಆರ್ಲಿಯನ್ಸ್‌ನ ಮೂವರು ಬಾಸ್ವೆಲ್ ಸೋದರಿಯರು ಅದೇ ಕಾಲದವರು. 1948ರಲ್ಲಿ ಫೋರ್ ಫ್ರೆಶ್‌ಮನ್, 1969ರಲ್ಲಿ ಮ್ಯಾನ್‌ಹ್ಯಾಟನ್ ಟ್ರಾನ್ಸ್‌ಫರ್ ಹುಟ್ಟಿದವು. ಈ ಕೊನೆಯ ತಂಡ 2023ರ ಡಿಸೆಂಬರ್‌ವರೆಗೂ ವೇದಿಕೆಯಲ್ಲಿತ್ತು. ತೊಂಬತ್ತು ವರ್ಷ ದಾಟಿದ ಧ್ವನಿಮುದ್ರಣಗಳನ್ನು ಜನ ಇಂದಿಗೂ ಹುಡುಕಿ ಕೇಳುತ್ತಾರೆ. ಏಕೆ?

ಲೆಕ್ಕ ಸರಳ. ಷಡ್ಜದ ಆವೃತ್ತಿ 200 ಹರ್ಟ್ಸ್ ಇರಲಿ. ಕಂಠ ಎಂದೂ ಒಂದೇ ಆವೃತ್ತಿಯನ್ನು ಹೊರಡಿಸುವುದಿಲ್ಲ. 400, 600, 800, 1000 ಹೀಗೆ ಪೂರ್ಣಾಂಕ ಗುಣಕಗಳಾದ ಸಂಗತಸ್ವರಗಳೂ ಜೊತೆಗಿರುತ್ತವೆ. ಎರಡನೆಯವರು 250 ಹರ್ಟ್ಸ್‌ನ ಅಂತರ ಗಾಂಧಾರ ಹಾಡಿದರೆ ಅವರ ಸಂಗತಸ್ವರಗಳು 500, 750, 1000. ಮೂರನೆಯವರ ಪಂಚಮ 300. ಅವರವು 600, 900, 1200. ಷಡ್ಜದ ಐದನೆಯದೂ ಗಾಂಧಾರದ ನಾಲ್ಕನೆಯದೂ 1000ದಲ್ಲಿ ಕೂಡಿಕೊಂಡವು. ಷಡ್ಜ ಮತ್ತು ಪಂಚಮ 600ರಲ್ಲಿ ಕೂಡಿದವು. ಹೀಗೆ ಕೂಡಿದೆಡೆ ಯಾವ ಸದ್ದು ಯಾರದೆಂದು ಕಿವಿ ಬೇರ್ಪಡಿಸಲಾರದು. 4:5:6ರ ಅನುಪಾತದ ಗುಟ್ಟು ಇದು.

ಈಗ ಕೀಬೋರ್ಡಿಗೆ ಬನ್ನಿ. ಅದರಲ್ಲಿ ಸ್ಥಾಯಿಯನ್ನು ಹನ್ನೆರಡು ಸಮ ಅನುಪಾತದ ಮೆಟ್ಟಿಲುಗಳಾಗಿ ಹಂಚಲಾಗಿದೆ. ಪ್ರತಿ ಮೆಟ್ಟಿಲೂ ಹಿಂದಿನದರ ಸುಮಾರು 1.0595ರಷ್ಟು. ನಾಲ್ಕು ಮೆಟ್ಟಿಲು ಏರಿದರೆ ಸಿಗುವ ಗಾಂಧಾರ 250 ಅಲ್ಲ, ಸುಮಾರು 252. ಎರಡು ಹರ್ಟ್ಸ್ ಏನು ಮಹಾ ಎನ್ನಬೇಡಿ. ಅದರ ನಾಲ್ಕನೆಯ ಸಂಗತಸ್ವರ 1008. ಷಡ್ಜದ 1000ದೊಡನೆ ಅದು ಸೆಕೆಂಡಿಗೆ ಎಂಟು ವಿಸ್ಪಂದಗಳನ್ನು ಉಂಟುಮಾಡುತ್ತದೆ, ನಾದ ನಡುಗುತ್ತದೆ. ಪಂಚಮದಲ್ಲಿ ದೋಷ ತೀರ ಅಲ್ಪ, ಸೆಕೆಂಡಿಗೆ ಒಂದು ವಿಸ್ಪಂದವೂ ಇಲ್ಲ. ತಂತ್ರಜ್ಞರನ್ನು ದೂರುವಂತಿಲ್ಲ. ಯಾವ ಮನೆಯಿಂದ ಶುರುಮಾಡಿದರೂ ನುಡಿಸಲು ಬರಬೇಕಾದರೆ ಈ ರಾಜಿ ಬೇಕೇ ಬೇಕು. ಕಂಠಕ್ಕೆ ಮನೆಗಳಿಲ್ಲ, ಹಾಗಾಗಿ ರಾಜಿಯ ಅಗತ್ಯವೂ ಇಲ್ಲ. ಪಿಯಾನೊ ಜೊತೆಗಿದ್ದರೆ ಜಾಝ್ ತಂಡಗಳೂ ಅದರ ಶ್ರುತಿಗೇ ಒಗ್ಗಿಕೊಳ್ಳಬೇಕಾಗುತ್ತದೆ. ಅದು ಸುಮ್ಮನಾದಾಗ ಪಕ್ಕದವರ ದನಿ ಕೇಳಿಕೊಂಡು ವಿಸ್ಪಂದ ನಿಲ್ಲುವವರೆಗೆ ಕೂದಲೆಳೆಯಷ್ಟು ಸರಿಯಬಲ್ಲರು. ನಮ್ಮ ಹುಡುಗಿಯರು ಕತ್ತಲೆಯಲ್ಲಿ ಮಾಡಿದ್ದೂ ಅದನ್ನೇ ಇರಬೇಕು.

ಜಾಝ್ ಇಲ್ಲಿಗೆ ತೃಪ್ತವಾಗುವುದಿಲ್ಲ. ನಾಲ್ಕನೆಯ ಗಾಯಕ 350 ಹರ್ಟ್ಸ್ ಹಾಡಿದನೆನ್ನಿ. ಆಗ 200, 250, 300, 350 ಎಲ್ಲವೂ 50ರ ಗುಣಕಗಳು. ಯಾರೂ ಹಾಡದ 50 ಹರ್ಟ್ಸ್‌ನ ಮಂದ್ರ ನಾದವೊಂದು ಅಡಿಯಲ್ಲಿರುವಂತೆ ಕಿವಿಗೆ ಭಾಸವಾಗಬಹುದು. ಬದಲಿಗೆ ಅವನು ಷಡ್ಜದ ಪಕ್ಕದ 225 ಹಿಡಿದರೆ? ಸೆಕೆಂಡಿಗೆ 25 ವಿಸ್ಪಂದ. ಎಣಿಸಲಾಗದು, ಗರಗರ ಎನಿಸುತ್ತದೆ. ಈ ಗರಗರವನ್ನು ಬೇಕೆಂದೇ ತಂದು, ಒಂದು ಕ್ಷಣ ಕಾಯಿಸಿ, ಮುಂದಿನ ಸ್ವರದಲ್ಲಿ ಕರಗಿಸುವುದು ಜಾಝ್ ತಂಡಗಳ ವರಸೆ. ದೊಡ್ಡ ವೃಂದಗಾನದಲ್ಲಿ ಒಂದು ಸ್ವರಕ್ಕೆ ಹತ್ತಾರು ಕಂಠಗಳಿದ್ದು ಶ್ರುತಿ ಕೊಂಚ ಹರಡಿಕೊಳ್ಳುತ್ತದೆ. ಅಲ್ಲಿ ಈ ಸೂಕ್ಷ್ಮ ಮಸುಕಾಗುತ್ತದೆ.

ಒಡಹುಟ್ಟಿದವರ ತಂಡಗಳೇ ಇಷ್ಟೊಂದಿರುವುದು ಏಕೆಂದು ಕೇಳಿದಿರಾ? ಗಂಟಲು, ಬಾಯಿಗಳ ಆಕಾರ ಕೆಲವು ಸಂಗತಸ್ವರಗಳನ್ನು ಬಲಪಡಿಸಿ ಕೆಲವನ್ನು ಕುಗ್ಗಿಸುತ್ತದೆ. 'ಆ', 'ಈ' ಬೇರೆಬೇರೆಯಾಗಿ ಕೇಳುವುದು ಇದರಿಂದಲೇ. ಒಂದೇ ಮನೆಯಲ್ಲಿ ಬೆಳೆದವರ ಅಂಗರಚನೆಯಲ್ಲೂ ಉಚ್ಚಾರದಲ್ಲೂ ಹೋಲಿಕೆ ಹೆಚ್ಚು, ಬೆರೆಯುವುದು ಸುಲಭ. ಮಾಗಡಿ, ಚನ್ನಪಟ್ಟಣದ ಹಳ್ಳಿಗಳ ಸೋಬಾನೆಯಲ್ಲಿ ಒಬ್ಬಾಕೆ ಸೊಲ್ಲೆತ್ತಿ ಉಳಿದವರು ದನಿಗೂಡಿಸಿದಾಗಲೂ ಇದನ್ನು ಕೇಳಬಹುದು. ಅಲ್ಲಿ ಸ್ವರಮೇಳವಿಲ್ಲ, ಎಲ್ಲರದೂ ಒಂದೇ ಸ್ವರ. ಆದರೆ ಒಂದೇ ಕೇರಿಯ ಮಾತಾಡುವವರ ಸ್ವರಾಕ್ಷರಗಳು ಎಷ್ಟು ಚೆನ್ನಾಗಿ ಹೊಂದುತ್ತವೆ!

ಸ್ವರಮೇಳ ನಮ್ಮದಲ್ಲ, ನಮ್ಮ ಮಕ್ಕಳಿಗೆ ಹತ್ತದು ಎನ್ನುವ ಅಧ್ಯಾಪಕರಿದ್ದಾರೆ. ಒಪ್ಪಲಾರೆ. ತಂಬೂರಿಯ ಷಡ್ಜದ ತಂತಿಯನ್ನು ಮೀಟಿ ಕಿವಿಗೊಡಿ. ಯಾರೂ ಮೀಟದ ಅಂತರ ಗಾಂಧಾರ ಮೇಲಿನಿಂದ ಕೇಳಿಬರುತ್ತದೆ. ಅದು ತಂತಿಯ ಐದನೆಯ ಸಂಗತಸ್ವರ. ತಂಬೂರಿಯ ಬಾಗಿದ ಕುದುರೆ ಇಂತಹ ಸಂಗತಸ್ವರಗಳನ್ನು ಶ್ರೀಮಂತಗೊಳಿಸುತ್ತದೆಂದು ಸಿ.ವಿ. ರಾಮನ್ 1921ರಲ್ಲೇ ವಿವರಿಸಿದ್ದರು. ತಂಬೂರಿ ಹಿಡಿದು ತತ್ವಪದ ಹಾಡುವವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಮಿಲ್ಸ್ ಸಹೋದರರಂಥವರು ಅರಸುವ ಗಾಂಧಾರವೂ ಇದೇ. ಆದರೆ ಒಂದು ಎಚ್ಚರಿಕೆ. ಸ್ವರಗಳು ಬೆರೆಯುವುದು ಭೌತಶಾಸ್ತ್ರ. ಬೆರೆತದ್ದು ಹಿತವೆನಿಸುವುದರಲ್ಲಿ ಅಭ್ಯಾಸದ ಪಾಲೂ ಇದೆ. ಬೊಲಿವಿಯಾದ ಸಿಮಾನೆ ಬುಡಕಟ್ಟಿನವರಿಗೆ ಇಂತಹ ಸುಸ್ವರಮೇಳ, ಅಪಸ್ವರಮೇಳ ಎರಡೂ ಸಮಾನವಾಗಿ ಹಿತವೆನಿಸಿದವೆಂದು 2016ರ ಅಧ್ಯಯನವೊಂದು ತೋರಿಸಿತು. ಅಂದಮೇಲೆ ಶಾಲೆಯಲ್ಲಿ ಪ್ರತಿ ಬೆಳಿಗ್ಗೆ ಮಕ್ಕಳ ಕಿವಿಗೆ ಯಾವ ಗಾಂಧಾರ ಬೀಳುತ್ತದೆ ಎಂಬುದು ಸಣ್ಣ ವಿಷಯವಲ್ಲ.

ತರಗತಿಯಲ್ಲಿ ಹೀಗೆ ಮಾಡಿ. ತಂಬೂರಿಯಿಂದ ಷಡ್ಜ, ಪಂಚಮ ಮಾತ್ರ ಕೊಡಿ. ಒಬ್ಬರು ಷಡ್ಜವನ್ನು 'ಆ'ಕಾರದಲ್ಲಿ ಹಿಡಿದು ನಿಲ್ಲಲಿ, ಇನ್ನೊಬ್ಬರು ಗಾಂಧಾರವನ್ನು ತಾವೇ ಹುಡುಕಲಿ. ದನಿ ಅಲುಗಿಸದೆ ಹಾಡಬೇಕು. ನಡುಕ ನಿಂತ ಕೂಡಲೇ ಮಕ್ಕಳೇ ಕೈ ಎತ್ತುತ್ತಾರೆ. ನಿಲ್ಲದಿದ್ದರೆ ಇಬ್ಬರ ಬಾಯಿಯ ಆಕಾರ ಒಂದೇ ಇದೆಯೇ ನೋಡಿ. ಆಮೇಲೆ ಕೀಬೋರ್ಡಿನಲ್ಲಿ ಅವೇ ಎರಡು ಮನೆಗಳನ್ನು ಒಟ್ಟಿಗೆ ಒತ್ತಿ. ಷಡ್ಜದ ಆವೃತ್ತಿಯನ್ನು 25ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ವಿಸ್ಪಂದವೆಂಬುದು ಸುಮಾರಾಗಿ ಸಿಗುತ್ತದೆ. ಆ ಸೂತ್ರ ಹೇಗೆ ಬಂತೆಂದು ಪಿಯುಸಿ ವಿದ್ಯಾರ್ಥಿಗಳೇ ಬಿಡಿಸಲಿ.