ಅಮೆರಿಕಾದ ಪೂರ್ವೇತಿಹಾಸದ ದೂರಪಾಠ: ಉಪಕ್ರಮೋಪಸಂಹಾರಗಳ ವಿಚಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕಾಲೇಜುಗಳಲ್ಲಿ 'ಸರ್ವೆ' ಎಂಬ ಹೆಸರಿನಿಂದ ಪ್ರಸಿದ್ಧವಾದ ಒಂದು ಬಗೆಯ ಪಾಠಕ್ರಮವುಂಟು. ಒಂದು ದೇಶದ ಅಥವಾ ಒಂದು ಸಾಹಿತ್ಯದ ಅನೇಕ ಶತಮಾನಗಳ ಚರಿತ್ರೆಯನ್ನು ಸುಮಾರು ಹದಿನೈದು ವಾರಗಳ ಒಂದು ಸೆಮಿಸ್ಟರಿನಲ್ಲಿ ಆದ್ಯಂತವಾಗಿ ತೋರಿಸಿಬಿಡುವುದು ಇದರ ಉದ್ದೇಶ. ಕನ್ನಡದಲ್ಲಿ ಇದನ್ನು ಸಮೀಕ್ಷಾಪಾಠವೆಂದು ಕರೆಯಬಹುದು. ಸ್ವದೇಶದ ಇತಿಹಾಸವನ್ನು ಅಲ್ಲಿಯವರು ಸಾಮಾನ್ಯವಾಗಿ ಇಬ್ಭಾಗಮಾಡಿ, ಆದಿಯಿಂದ 1877ರ ವರೆಗಿನದನ್ನು ಒಂದು ಪಾಠವಾಗಿಯೂ ಅಲ್ಲಿಂದ ಮುಂದಿನದನ್ನು ಇನ್ನೊಂದಾಗಿಯೂ ಬೋಧಿಸುವರು. ಟೆಕ್ಸಸ್ ಸಂಸ್ಥಾನದ ಸರ್ಕಾರಿ ಕಾಲೇಜುಗಳಲ್ಲಿ ಆರು ಕ್ರೆಡಿಟ್‌ಗಳಷ್ಟು ಅಮೆರಿಕಾ ಇತಿಹಾಸವನ್ನು ಓದತಕ್ಕದ್ದೆಂದು ಶಾಸನವೇ ಇರುವುದರಿಂದ, ಗಣಿತವನ್ನೋ ಶುಶ್ರೂಷಾವಿದ್ಯೆಯನ್ನೋ ಕಲಿಯಲು ಬಂದವನೂ ಈ ಪಾಠವನ್ನು ದಾಟಿಯೇ ಹೋಗಬೇಕಾಗಿದೆ. ಹೀಗೆ ಬರುವವರಲ್ಲಿ ಹಲವರಿಗೆ ಇದೇ ಇತಿಹಾಸದ ಕೊನೆಯ ಪಾಠವಾಗುವುದು. ಆದಕಾರಣ ಹದಿನೈದು ವಾರಗಳಲ್ಲಿ ಅವರ ಮನಸ್ಸಿನಲ್ಲಿ ನಿಂತ ಚಿತ್ರವು ಜೀವಮಾನಪರ್ಯಂತವೂ ನಿಲ್ಲುವ ಸಂಭವವುಂಟು.

ಈಚೆಗೆ ಈ ಪಾಠವನ್ನು ಕಾಲೇಜಿನ ಮೆಟ್ಟಿಲು ಹತ್ತದೆ, ಅಂತರ್ಜಾಲದ ಮೂಲಕ, ಮನೆಯಲ್ಲಿಯೇ ಕುಳಿತು ಓದುವ ಪದ್ಧತಿಯು ಬಹಳವಾಗಿ ಹರಡಿದೆ. ದೂರಪಾಠವೆಂಬುದು ಆ ದೇಶಕ್ಕೆ ಹೊಸದಲ್ಲ. 1873ರಲ್ಲಿಯೇ ಬಾಸ್ಟನ್ ನಗರದ ಅನ್ನಾ ಟಿಕ್ನರ್ ಎಂಬ ವಿದುಷಿಯು, ಕಾಲೇಜಿಗೆ ಹೋಗಲಾರದ ಸ್ತ್ರೀಯರಿಗಾಗಿ, ಅಂಚೆಯ ಮೂಲಕ ಪಾಠಹೇಳುವ ಒಂದು ಸಂಘವನ್ನು ಸ್ಥಾಪಿಸಿದಳು. ಇತಿಹಾಸವೂ ಅದರ ಪಾಠಗಳಲ್ಲೊಂದಾಗಿತ್ತು. ಓದಿದುದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಬೇಕೆಂಬುದು ಆ ಸಂಘದವರು ವಿದ್ಯಾರ್ಥಿನಿಯರಿಗೆ ಕೊಡುತ್ತಿದ್ದ ಮುಖ್ಯವಾದ ಉಪದೇಶ. ಪಾಠಶಾಲೆಯಲ್ಲಿ ಅಮರವನ್ನು ಉರುಹೊಡೆದವರು ಇದನ್ನು ಕೇಳಿ ಸಂತೋಷಪಡುವರು. ಇಂದಿನ ವಿದ್ಯಾರ್ಥಿಗೆ ಅಂಚೆಗಾಗಿ ಕಾಯುವ ಕಷ್ಟವಿಲ್ಲ. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾನಿಲಯದ 'ಓಪನ್‌ಸ್ಟ್ಯಾಕ್ಸ್' ಸಂಸ್ಥೆಯವರು 2014ರಲ್ಲಿ ಪ್ರಕಟಿಸಿದ ಮೂವತ್ತೆರಡು ಅಧ್ಯಾಯಗಳ ಇತಿಹಾಸಗ್ರಂಥವೂ, ಜೋಸೆಫ್ ಲಾಕ್ ಮತ್ತು ಬೆನ್ ರೈಟ್ ಎಂಬವರು ಸಂಪಾದಿಸಿ 2019ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಎರಡು ಸಂಪುಟಗಳಾಗಿ ಅಚ್ಚಾದ 'ದಿ ಅಮೆರಿಕನ್ ಯಾಪ್' ಎಂಬ ಗ್ರಂಥವೂ ಯಾರಿಗೆ ಬೇಕಾದರೂ ವೆಚ್ಚವಿಲ್ಲದೆ ಅಂತರ್ಜಾಲದಲ್ಲಿ ದೊರೆಯುತ್ತವೆ. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಜೊಆನ್ ಫ್ರೀಮನ್ ಎಂಬ ವಿದುಷಿಯು 2010ರಲ್ಲಿ ಅಮೆರಿಕಾದ ಸ್ವಾತಂತ್ರ್ಯಕ್ರಾಂತಿಯನ್ನು ಕುರಿತು ಮಾಡಿದ ಇಪ್ಪತ್ತೈದು ಉಪನ್ಯಾಸಗಳನ್ನು ಧಾರವಾಡದಲ್ಲಿ ಕುಳಿತವರೂ ಕೇಳಬಹುದು.

ಇಷ್ಟು ಸಾಮಗ್ರಿ ಸುಲಭವಾಗಿ ಕೈಗೆ ಬಂದಿರುವಾಗ, ಓದುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವುದು? ಒಂದು ಪ್ರಕರಣದ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರು ಹೇಳುವ ಆರು ಲಿಂಗಗಳಲ್ಲಿ ಉಪಕ್ರಮೋಪಸಂಹಾರಗಳು ಮೊದಲನೆಯವು. ಪ್ರಕರಣವು ಎಲ್ಲಿ ತೊಡಗಿತು, ಎಲ್ಲಿ ಮುಗಿಯಿತು ಎಂಬುದನ್ನು ನೋಡಿದರೆ ಅದು ಏನನ್ನು ಹೇಳಹೊರಟಿದೆ ಎಂಬುದು ಗೊತ್ತಾಗುವುದು. ವೇದವಾಕ್ಯಗಳಿಗಾಗಿ ಹೇಳಿದ ನಿಯಮವನ್ನು ಇತಿಹಾಸಕ್ಕೆ ಅನ್ವಯಿಸುವುದು ಸರಿಯೇ ಎಂದು ಆಕ್ಷೇಪಿಸಬಹುದು. ನಡೆದ ಸಂಗತಿಗಳು ಇತಿಹಾಸಕಾರನ ಸೃಷ್ಟಿಯಲ್ಲವೆಂಬುದು ನಿಜ. ಆದರೆ ಯಾವ ಸಂಗತಿಯನ್ನು ಮೊದಲನೆಯದಾಗಿ ಇಡಬೇಕು, ಯಾವುದರಲ್ಲಿ ನಿಲ್ಲಿಸಬೇಕು ಎಂಬುದು ಕೇವಲ ಅವನ ಇಚ್ಛೆಗೆ ಸೇರಿದ್ದು. ಆದುದರಿಂದ ಈ ನಿಯಮವು ಪೌರುಷೇಯ ಗ್ರಂಥಗಳಲ್ಲಿ, ಅದರಲ್ಲಿಯೂ ಸಂಗ್ರಹರೂಪವಾದವುಗಳಲ್ಲಿ, ಇನ್ನೂ ಹೆಚ್ಚಾಗಿ ಸಲ್ಲುವುದೆಂದೇ ಹೇಳಬೇಕು.

ಉಪಕ್ರಮವನ್ನು ಪರಾಮರ್ಶಿಸೋಣ. ಅಮೆರಿಕಾದ ಇತಿಹಾಸವು 1607ರಲ್ಲಿ ಆಂಗ್ಲೇಯರು ವರ್ಜೀನಿಯಾದ ಜೇಮ್ಸ್‌ಟೌನಿನಲ್ಲಿ ಇಳಿದುದರಿಂದ ಆರಂಭವಾಯಿತೆಂದು ಹೇಳಿದರೆ, ಅದು ಆಂಗ್ಲ ವಸಾಹತುಗಾರರ ಕಥೆಯಾಗುವುದು. 1620ರಲ್ಲಿ ಪ್ಲಿಮತ್ತಿಗೆ ಬಂದ ಮತಶ್ರದ್ಧಾಳುಗಳಿಂದ ಆರಂಭಿಸಿದರೆ ಅದೇ ಕಥೆಗೆ ಧರ್ಮಸ್ವಾತಂತ್ರ್ಯದ ಬಣ್ಣ ಬರುವುದು. 1619ರಲ್ಲಿ ವರ್ಜೀನಿಯಾದ ಪಾಯಿಂಟ್ ಕಂಫರ್ಟಿಗೆ ಇಪ್ಪತ್ತಕ್ಕೆ ಮಿಕ್ಕ ಆಫ್ರಿಕನರನ್ನು ಸೆರೆಯಾಳುಗಳಾಗಿ ಹಡಗಿನಲ್ಲಿ ತಂದುದರಿಂದ ಆರಂಭಿಸಿದರೆ, ಸ್ವಾತಂತ್ರ್ಯದ ಬದಲು ದಾಸ್ಯವೇ ಪ್ರಕರಣದ ವಿಷಯವಾಗಿ ಕಾಣುವುದು. ಆದರೆ ಈ ಮೂರಕ್ಕೂ ಮುಂಚೆ, 1565ರಲ್ಲಿಯೇ ಸ್ಪೇನಿನವರು ಫ್ಲಾರಿಡಾದಲ್ಲಿ ಸೇಂಟ್ ಆಗಸ್ಟೀನ್ ಪಟ್ಟಣವನ್ನು ಕಟ್ಟಿದ್ದರು. ಅದಕ್ಕೂ ಐನೂರು ವರ್ಷಗಳ ಹಿಂದೆ, ಇಂದಿನ ಸೇಂಟ್ ಲೂಯಿಸ್ ನಗರಕ್ಕೆ ಎದುರಾಗಿ ಮಿಸಿಸಿಪ್ಪಿ ನದಿಯ ಪೂರ್ವಭಾಗದಲ್ಲಿ, ಕಹೋಕಿಯಾ ಎಂಬ ಮಹಾನಗರವಿದ್ದಿತು. ಬುಟ್ಟಿಗಳಲ್ಲಿ ಮಣ್ಣು ಹೊತ್ತು ಕಟ್ಟಿದ, ಸುಮಾರು ನೂರು ಅಡಿ ಎತ್ತರದ ದಿಬ್ಬವೊಂದು ಇಂದಿಗೂ ಅಲ್ಲಿ ನಿಂತಿರುವುದು.

ಹತ್ತೊಂಬತ್ತನೆಯ ಶತಮಾನದ ಮಹಾನ್ ಇತಿಹಾಸಕಾರನೆನಿಸಿದ ಜಾರ್ಜ್ ಬ್ಯಾಂಕ್ರಾಫ್ಟನು 1834ರಿಂದ 1874ರ ವರೆಗೆ ಹತ್ತು ಸಂಪುಟಗಳಲ್ಲಿ ಬರೆದ ಚರಿತ್ರೆಯಲ್ಲಿ, ವಸಾಹತುಗಳಿಂದ ತೊಡಗಿದ ಕಥೆಯೆಲ್ಲವೂ ಸ್ವಾತಂತ್ರ್ಯಸ್ಥಾಪನೆಯೆಂಬ ಫಲದ ಕಡೆಗೆ ದೈವಸಂಕಲ್ಪದಿಂದ ಹರಿಯುವ ನದಿಯಂತೆ ಇದೆ. ಇದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯಾದ ಹರ್ಬರ್ಟ್ ಬೋಲ್ಟನ್ನನು 1932ರಲ್ಲಿ ಅಮೆರಿಕಾ ಇತಿಹಾಸ ಪರಿಷತ್ತಿನ ಅಧ್ಯಕ್ಷಪೀಠದಿಂದ ಮಾತನಾಡುತ್ತ, ಹದಿಮೂರು ಆಂಗ್ಲ ವಸಾಹತುಗಳಿಂದಲೇ ಹೊರಡುವ ಇತಿಹಾಸವು ಸಂಕುಚಿತವಾದುದೆಂದೂ, ಖಂಡದ ಸಮಸ್ತ ಭಾಗಗಳನ್ನೂ ಒಟ್ಟಿಗೆ ನೋಡಬೇಕೆಂದೂ ವಾದಿಸಿದನು. ಇಂದಿನ ಪಠ್ಯಗಳು ಬೋಲ್ಟನ್ನನಿಗಿಂತಲೂ ಮುಂದೆ ಹೋಗಿವೆ. ಮೇಲೆ ಹೇಳಿದ ಎರಡು ಉಚಿತ ಗ್ರಂಥಗಳ ಮೊದಲ ಅಧ್ಯಾಯಗಳೂ ಐರೋಪ್ಯರು ಬರುವುದಕ್ಕೆ ಹಿಂದೆ ಅಲ್ಲಿದ್ದ ಜನಾಂಗಗಳಿಂದಲೇ ಹೊರಡುತ್ತವೆ. ಇದು ಶ್ಲಾಘ್ಯವಾದ ಸುಧಾರಣೆ. ಆದರೂ ಸಹಸ್ರಾರು ವರ್ಷಗಳ ಬಾಳನ್ನು ಒಂದು ಅಧ್ಯಾಯದಲ್ಲಿ ಮುಗಿಸಿ, 1492ರಿಂದ 1877ರ ವರೆಗಿನ ನಾಲ್ಕು ಶತಮಾನಗಳಿಗೂ ಕಡಮೆಯಾದ ಕಾಲಕ್ಕೆ ಉಳಿದ ಅಧ್ಯಾಯಗಳನ್ನೆಲ್ಲ ಕೊಡುವಾಗ, ಮೊದಲಿನದು ಉಪಕ್ರಮವೋ, ಬರಿಯ ಮಂಗಳಾಚರಣೆಯೋ ಎಂಬ ಸಂದೇಹವು ಉಳಿದೇ ಇರುವುದು.

ಎರಡನೆಯ ವಿಚಾರಣೀಯಾಂಶವು ಮೂಲಭಾಷ್ಯಗಳ ಭೇದ. ಸಮೀಕ್ಷಾಪುಸ್ತಕವೆಂಬುದು ಮೂಲವನ್ನು ಒಳಗೆ ಅಡಗಿಸಿಕೊಂಡ ಭಾಷ್ಯ. ಶಾಸ್ತ್ರಪಾಠದಲ್ಲಿ ಸೂತ್ರವೆಲ್ಲಿ ಮುಗಿಯಿತು, ವ್ಯಾಖ್ಯಾನವೆಲ್ಲಿ ತೊಡಗಿತು ಎಂಬುದು ಬಾಲಕನಿಗೂ ಗೊತ್ತಾಗುವುದು. ಸಮೀಕ್ಷಾಪಾಠದಲ್ಲಿ ಅದು ಗೊತ್ತಾಗದು. ಪೊಕಹಾಂಟಸಳ ಕಥೆಯು ಇದಕ್ಕೆ ಒಳ್ಳೆಯ ದೃಷ್ಟಾಂತ. 1607ರ ಕೊನೆಯಲ್ಲಿ ಕ್ಯಾಪ್ಟನ್ ಜಾನ್ ಸ್ಮಿತ್ತನು ಪೌಹಾಟನ್ ದೊರೆಯ ಸೆರೆಯಲ್ಲಿದ್ದಾಗ, ಅವನ ತಲೆಯನ್ನು ಜಜ್ಜಲು ದೊಣ್ಣೆಯೆತ್ತಿದವರನ್ನು ದೊರೆಯ ಮಗಳಾದ ಈ ಬಾಲಿಕೆಯು ತಡೆದಳೆಂಬುದು ಲೋಕಪ್ರಸಿದ್ಧಿ. ಸ್ಮಿತ್ತನೇ ಬರೆದು 1608ರಲ್ಲಿ ಅಚ್ಚಾದ ವೃತ್ತಾಂತದಲ್ಲಿ ಸೆರೆಯ ವಿಷಯವಿದೆ, ಈ ಪ್ರಾಣರಕ್ಷಣೆಯ ವಿಷಯವಿಲ್ಲ. ಅದು ವಿವರವಾಗಿ ಬರುವುದು, ಪೊಕಹಾಂಟಸಳು ಸತ್ತು ಏಳು ವರ್ಷಗಳಾದ ಮೇಲೆ, 1624ರಲ್ಲಿ ಅಚ್ಚಾದ ಅವನ ದೊಡ್ಡ ಗ್ರಂಥದಲ್ಲಿ. 1616ರಲ್ಲಿ ತಾನು ರಾಣಿಗೆ ಬರೆದ ಪತ್ರದಲ್ಲಿಯೂ ಇದನ್ನು ತಿಳಿಸಿದ್ದೆನೆಂದು ಅವನು ಹೇಳುವನು. ಆ ಪತ್ರದ ಸಾರವು ದೊರೆಯುವುದೂ ಅದೇ ಗ್ರಂಥದಲ್ಲಿ! ಹೆನ್ರಿ ಆಡಮ್ಸನು 1867ರಲ್ಲಿ ಈ ಎರಡು ಪಾಠಗಳನ್ನು ಮಗ್ಗುಲಲ್ಲಿಟ್ಟು ತೋರಿಸಿ ಕಥೆಯನ್ನು ಪ್ರಕ್ಷಿಪ್ತವೆಂಬಂತೆ ಖಂಡಿಸಿದನು. ಮೊದಲ ಪುಸ್ತಕವನ್ನು ಲಂಡನ್ನಿನಲ್ಲಿ ಅಚ್ಚುಹಾಕಿಸಿದವರು ಕೆಲವು ಭಾಗಗಳನ್ನು ಕೈಬಿಟ್ಟಿರಬಹುದೆಂಬುದು ಎದುರುವಾದ. ಘಟನೆಯು ನಡೆದದ್ದೇ ಹೌದು, ಆದರೆ ಅದು ಮರಣದಂಡನೆಯಲ್ಲ, ಪರಕೀಯನನ್ನು ಕುಲಕ್ಕೆ ಸೇರಿಸಿಕೊಳ್ಳುವ ಸಂಸ್ಕಾರ. ಸ್ಮಿತ್ತನಿಗೆ ಅದು ತಿಳಿಯಲಿಲ್ಲವೆಂಬುದು ಮೂರನೆಯ ಪಕ್ಷ. ಪಾಠಾಂತರ ವಿಮರ್ಶೆಯಲ್ಲಿ ನುರಿತವರಿಗೆ ಇಲ್ಲಿ ಒಂದು ವಾರದ ಚರ್ಚೆಗೆ ಸಾಮಗ್ರಿಯಿದೆ. ಸಂಗ್ರಹಗ್ರಂಥದಲ್ಲಿಯಾದರೋ ಇದಕ್ಕೆ ಎರಡು ವಾಕ್ಯಗಳ ಸ್ಥಳ ಸಿಕ್ಕುವುದೂ ಕಷ್ಟ.

ಇನ್ನೂ ಗುರುತರವಾದ ಉದಾಹರಣೆಯು 1776ರ ಸ್ವಾತಂತ್ರ್ಯಘೋಷಣೆ. ತಾಮಸ್ ಜೆಫರ್ಸನ್ನನು ಸಿದ್ಧಪಡಿಸಿದ ಕರಡಿನಲ್ಲಿ, ಆಫ್ರಿಕಾದಿಂದ ಮನುಷ್ಯರನ್ನು ಹಿಡಿದುತಂದು ಮಾರುವ ವ್ಯಾಪಾರವನ್ನು ಇಂಗ್ಲೆಂಡಿನ ದೊರೆಯು ನಡೆಸಿದನೆಂದು ದೂಷಿಸುವ ಒಂದು ದೀರ್ಘವಾದ ಭಾಗವಿತ್ತು. ಕಾಂಗ್ರೆಸ್ಸಿನವರು ಅದನ್ನು ತೆಗೆದುಹಾಕಿದರು. ದಕ್ಷಿಣ ಕೆರೊಲೈನಾ ಮತ್ತು ಜಾರ್ಜಿಯಾಗಳ ಮನಸ್ಸಿಗೆ ನೋವಾಗಬಾರದೆಂದು ಹಾಗೆ ಮಾಡಿದರೆಂದು ಜೆಫರ್ಸನ್ನನೇ 1821ರಲ್ಲಿ ಬರೆದ ತನ್ನ ಆತ್ಮವೃತ್ತಾಂತದಲ್ಲಿ ಹೇಳಿ, ಮೂಲಪಾಠವನ್ನೂ ಅಲ್ಲಿ ಕೊಟ್ಟಿರುವನು. ಬರೆದವನೂ ನಿರ್ದೋಷಿಯಲ್ಲ, ಅವನು ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ದಾಸರಿಗೆ ಒಡೆಯನಾಗಿದ್ದನು. 1787ರ ರಾಜ್ಯಾಂಗದಲ್ಲಿ ಇದಕ್ಕಿಂತಲೂ ವಿಚಿತ್ರವಾದ ಮೌನವಿದೆ. ದಾಸರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಪ್ರಾತಿನಿಧ್ಯದ ಲೆಕ್ಕಕ್ಕೆ ಹಿಡಿಯುವ ವಿಧಿಯೂ, 1808ಕ್ಕೆ ಮುಂಚೆ ದಾಸರ ಆಮದನ್ನು ನಿಷೇಧಿಸಕೂಡದೆಂಬ ವಿಧಿಯೂ, ಓಡಿಹೋದವರನ್ನು ಹಿಂದಿರುಗಿಸಬೇಕೆಂಬ ವಿಧಿಯೂ ಅಲ್ಲಿವೆ. ಆದರೆ ದಾಸನೆಂಬ ಪದವು ಎಲ್ಲಿಯೂ ಇಲ್ಲ. 'ಇತರ ವ್ಯಕ್ತಿಗಳು' ಎಂಬಂತಹ ಮಾತುಗಳಿಂದ ಲಕ್ಷಣಯಾ ಸೂಚಿಸಿ ಸುಮ್ಮನಾಗಿರುವರು. ದಾಸ್ಯವೆಂಬ ಪದವು ಆ ರಾಜ್ಯಾಂಗದಲ್ಲಿ ಮೊಟ್ಟಮೊದಲು ಕಾಣಿಸಿಕೊಂಡದ್ದು, 1865ರಲ್ಲಿ ಅದನ್ನು ರದ್ದುಪಡಿಸಿದ ಹದಿಮೂರನೆಯ ತಿದ್ದುಪಡಿಯಲ್ಲಿ. ಅಭಿಧೆಯನ್ನು ಬಿಟ್ಟು ಲಕ್ಷಣೆಯನ್ನು ಆಶ್ರಯಿಸಲು ಪ್ರಯೋಜನವಿರಬೇಕೆಂದು ಆಲಂಕಾರಿಕರು ಹೇಳುವರಷ್ಟೆ. ಇಲ್ಲಿ ಪ್ರಯೋಜನವು ಲಜ್ಜೆಯೋ ಜಾಣತನವೋ ಎಂಬುದು ಸಾಹಿತ್ಯವನ್ನು ಓದಿದವನು ವಿಚಾರಿಸಬೇಕಾದ ಪ್ರಶ್ನೆಯೇ ಆಗಿದೆ.

ದೂರಪಾಠದ ನಿಜವಾದ ಲಾಭವು ಈ ಮೂಲಗಳ ವಿಷಯದಲ್ಲಿದೆ. ರಾಷ್ಟ್ರಸ್ಥಾಪಕರ ಪತ್ರವ್ಯವಹಾರಗಳನ್ನು ಅಮೆರಿಕಾದ ರಾಷ್ಟ್ರೀಯ ದಾಖಲೆಗಳ ಭಂಡಾರದವರು ವರ್ಜೀನಿಯಾ ವಿಶ್ವವಿದ್ಯಾನಿಲಯದ ಮುದ್ರಣಾಲಯದವರೊಡನೆ ಸೇರಿ 2013ರಿಂದ ಅಂತರ್ಜಾಲದಲ್ಲಿ ತೆರೆದಿಟ್ಟಿರುವರು. ಹಿಂದೆ ವಾಷಿಂಗ್ಟನ್ನಿಗೋ ಫಿಲಡೆಲ್ಫಿಯಾಕ್ಕೋ ಹೋದವರು ಮಾತ್ರ ನೋಡಬಹುದಾಗಿದ್ದ ಕಾಗದಗಳ ಪಾಠವನ್ನು ಇಂದು ಪಠ್ಯಪುಸ್ತಕದ ಪುಟದ ಪಕ್ಕದಲ್ಲಿಯೇ ಇಟ್ಟುಕೊಂಡು ಓದಬಹುದು. ಹೀಗೆ ಓದುವವನಿಗೆ ದೂರಪಾಠವು ತರಗತಿಗಿಂತ ಕೀಳಲ್ಲ, ಕೆಲವು ವೇಳೆ ಮೇಲೇ ಆಗಬಹುದು.

ನಷ್ಟವೂ ಉಂಟು. ಶ್ರವಣವು ಯಂತ್ರದಿಂದ ಆದೀತು. ಸಂಶಯ ಹುಟ್ಟಿದ ಕ್ಷಣದಲ್ಲಿ ಶಿಷ್ಯನ ಮುಖವನ್ನು ನೋಡಿ ಗುರುವು ನಿಲ್ಲಿಸುವುದು ಯಂತ್ರದಿಂದ ಆಗದು. ಇದಕ್ಕೆ ಬದಲಾಗಿ ಪ್ರತಿವಾರವೂ ವಿದ್ಯಾರ್ಥಿಗಳು ಚರ್ಚಾಫಲಕದಲ್ಲಿ ತಮ್ಮ ಅಭಿಪ್ರಾಯವೊಂದನ್ನು ಬರೆದು, ಸಹಪಾಠಿಗಳಿಬ್ಬರಿಗೆ ಉತ್ತರ ಕೊಡಬೇಕೆಂಬ ನಿಯಮವು ಅನೇಕ ಕಡೆಗಳಲ್ಲಿದೆ. ಕಡ್ಡಾಯವಾಗಿ ಬರೆದ ಇಂತಹ ಉತ್ತರಗಳು ಬಹುಮಟ್ಟಿಗೆ ಒಂಟೆಯ ಮದುವೆಯಲ್ಲಿ ಕತ್ತೆಯು ಹಾಡಿದಂತೆ ಪರಸ್ಪರ ಪ್ರಶಂಸೆಯಲ್ಲಿ ಮುಗಿಯುವುವು. ಪೂರ್ವಪಕ್ಷವನ್ನು ಹಿಡಿದು ನಿಲ್ಲುವವನಿಲ್ಲದ ವಾಕ್ಯಾರ್ಥವು ವಾಕ್ಯಾರ್ಥವಲ್ಲ. ಪ್ರಬಂಧವನ್ನೂ ಯಂತ್ರವೇ ಬರೆದುಕೊಡಬಲ್ಲ ಈ ಕಾಲದಲ್ಲಿ, ಟಿಕ್ನರಳ ಸಂಘದ ಪುಸ್ತಕ ಮುಚ್ಚಿ ಬರೆಯುವ ನಿಯಮಕ್ಕೆ ಮತ್ತೆ ಬೆಲೆ ಬಂದರೆ ಆಶ್ಚರ್ಯವಿಲ್ಲ.

ಇನ್ನು ಉಪಸಂಹಾರ. ಅಂತರ್ಯುದ್ಧವು 1865ರಲ್ಲಿ ಮುಗಿದ ಮೇಲೆ, ಬಿಡುಗಡೆ ಹೊಂದಿದ ದಾಸರಿಗೆ ಪೌರತ್ವವನ್ನೂ ಮತಾಧಿಕಾರವನ್ನೂ ಕೊಟ್ಟು ದಕ್ಷಿಣವನ್ನು ಪುನಾರಚಿಸುವ ಪ್ರಯತ್ನ ನಡೆಯಿತು. 1877ರಲ್ಲಿ ಕೇಂದ್ರಸರ್ಕಾರದ ಸೈನ್ಯವು ಅಲ್ಲಿ ಕಾವಲನ್ನು ಬಿಟ್ಟುದರಿಂದ ಆ ಪ್ರಯತ್ನವು ಕುಸಿಯಿತು. ಮೊದಲ ಪಾಠವು ಮುಗಿಯುವುದು ಇಲ್ಲಿ. ಪರೀಕ್ಷೆ ಮುಗಿಸಿ ಹೊರಟ ವಿದ್ಯಾರ್ಥಿಗೆ, ಎರಡನೆಯ ಪಾಠವನ್ನು ತೆಗೆದುಕೊಳ್ಳದಿದ್ದರೆ, ಪುನಾರಚನೆಯು ಮುಗಿದುಹೋದ ಅಧ್ಯಾಯವಾಗಿಯೇ ಕಾಣುವುದು. ಡಬ್ಲ್ಯು. ಇ. ಬಿ. ಡುಬಾಯ್ಸನು 1935ರಲ್ಲಿಯೂ, ಎರಿಕ್ ಫೋನರ್ ಎಂಬ ವಿದ್ವಾಂಸರು 1988ರಲ್ಲಿಯೂ ಬರೆದ ಗ್ರಂಥಗಳು ಇದೇ ಕಾಲವನ್ನು ಕುರಿತವು; ಫೋನರರು ತಮ್ಮ ಗ್ರಂಥದ ಉಪಶೀರ್ಷಿಕೆಯಲ್ಲಿಯೇ ಇದನ್ನು ಮುಗಿಯದ ಕ್ರಾಂತಿಯೆಂದು ಕರೆದಿರುವರು. ಅವರು 2014ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪರವಾಗಿ ಇದೇ ವಿಷಯವನ್ನು ಅಂತರ್ಜಾಲದಲ್ಲಿ ಪಾಠಹೇಳಿದರು.

ಕನ್ನಡಿಗನು ಈ ಪಾಠವನ್ನು ಓದುವಾಗ ಇನ್ನೊಂದು ಉಪಸಂಹಾರವು ಎದುರಾಗುವುದು. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಆಂಗ್ಲಸೇನೆಯು ಶರಣಾಗತವಾದಾಗ, ಅನಾರೋಗ್ಯದ ನೆಪದಿಂದ ತಾನು ಬಾರದೆ ಬೇರೊಬ್ಬನ ಕೈಯಲ್ಲಿ ಕತ್ತಿಯನ್ನು ಕಳುಹಿಸಿದ ಲಾರ್ಡ್ ಕಾರ್ನ್‌ವಾಲಿಸನು ಅಮೆರಿಕಾದ ಪಾಠದಲ್ಲಿ ಅಲ್ಲಿಗೆ ರಂಗದಿಂದ ನಿರ್ಗಮಿಸುವನು. ಮೈಸೂರಿನ ಇತಿಹಾಸದಲ್ಲಿ ಅವನು ಪ್ರವೇಶಿಸುವುದು ಅನಂತರ; ಗವರ್ನರ್ ಜನರಲ್ಲನಾಗಿ ಬಂದು, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟೀಪೂ ಸುಲ್ತಾನನ ಅರ್ಧರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ತೆಗೆದುಕೊಂಡವನು ಅವನೇ. ತಮ್ಮ ಸ್ವಾತಂತ್ರ್ಯಯುದ್ಧದ ಕಾಲದಲ್ಲಿಯೇ ಮೈಸೂರಿನವರೂ ಅದೇ ಶತ್ರುವಿನೊಡನೆ ಕಾದುತ್ತಿದ್ದರೆಂಬುದು ಅಂದಿನ ಅಮೆರಿಕನ್ನರಿಗೆ ತಿಳಿಯದ ವಿಷಯವಾಗಿರಲಿಲ್ಲ. ಪೆನ್ಸಿಲ್ವೇನಿಯಾದವರು ಆಂಗ್ಲರ ಹಡಗುಗಳನ್ನು ಎದುರಿಸಲು ಸಜ್ಜುಗೊಳಿಸಿದ ಹದಿನಾರು ಫಿರಂಗಿಗಳ ನೌಕೆಯೊಂದು, 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ, ಜೊಶುವಾ ಬಾರ್ನಿ ಎಂಬ ನಾಯಕನ ಕೈಕೆಳಗೆ, ತನಗಿಂತ ಬಲಿಷ್ಠವಾದ 'ಜನರಲ್ ಮಾಂಕ್' ಎಂಬ ಆಂಗ್ಲನೌಕೆಯನ್ನು ಅರ್ಧಗಂಟೆಯೊಳಗೆ ಸೆರೆಹಿಡಿಯಿತು. ಫಿಲಿಪ್ ಫ್ರೆನೊ ಎಂಬ ಕವಿಯು ಆ ಗೆಲವನ್ನು ಕುರಿತು ಪದ್ಯಗಳನ್ನು ರಚಿಸಿದನು. ಆ ನೌಕೆಗೆ ಇಟ್ಟಿದ್ದ ಹೆಸರು 'ಹೈದರ್ ಅಲಿ'.